ಉಸ್ತಾ ಎರ್ಗಶ್ ಕಡೆಯದ ಬಟ್ಟಲು

ಮರ್ಗಿಲಾನ್ ಊರಿನ ತೊಟ್ಟಿಲು ಕೇರಿಯಲ್ಲಿ ಎರ್ಗಶ್ ಎಂದರೆ ಬೆರಳಿಗೆ ಕಣ್ಣಿದ್ದ ಮನುಷ್ಯ; ಎಲ್ಲರಿಗೂ ಅವನು 'ಉಸ್ತಾ', ಅಂದರೆ ನುರಿತ ಮೇಸ್ತ್ರಿ. ಲೇತಿನ ಮೇಲೆ ತಿರುಗುವ ಹಿಪ್ಪುನೇರಳೆ ತುಂಡಿಗೆ ಹೆಬ್ಬೆರಳು ತಾಗಿಸಿ, ಕೂದಲೆಳೆಯಷ್ಟು ಉಬ್ಬಿದ್ದರೂ ಹೇಳಿಬಿಡುತ್ತಿದ್ದ. ಗುಂಡು ಮತ್ತು ಗುಂಡಿ ಕೂಡುವ ಜಾಗದಲ್ಲಂತೂ ಅವನನ್ನು ಮೀರಿಸುವವರೇ ಇರಲಿಲ್ಲ. ತೊಟ್ಟಿಲ ಕಾಲಿನ ಗುಂಡು ಅಡ್ಡಪಟ್ಟಿಯ ಗುಂಡಿಯಲ್ಲಿ ಕೂತರೆ ಮೂರು ತಲೆಮಾರು ತೂಗಿದರೂ ಕಿರ್ ಅನ್ನುತ್ತಿರಲಿಲ್ಲ. ಮೂವತ್ತೆಂಟು ವರ್ಷ ಅವನು ಮಾಡಿದ್ದು ಇದೊಂದೇ ಕೆಲಸ.

ಅವನ ತೊಟ್ಟಿಲಲ್ಲಿ ಮಗು ಹೇಗೆ ಮಲಗುತ್ತದೆ ಎಂದು ಹೇಳಬೇಕು. ಕೈ ಎರಡೂ ಮೈಗೆ ಅಂಟಿರಬೇಕು, ಕಾಲು ಎರಡೂ ಜೋಡಿಸಿ ನೇರವಾಗಿ ಚಾಚಿರಬೇಕು. ಎದೆಗೊಂದು, ಕಾಲಿಗೊಂದು ಅಗಲವಾದ ಪಟ್ಟಿ ಬಿಗಿದು ಸುತ್ತಿದರೆ ಮಗು ಕತ್ತು ಬಿಟ್ಟು ಬೇರೇನೂ ಅಲುಗಿಸಲಾರದು. ಮೇಲೆ ಏಳು ಬಟ್ಟೆ ಹೊದಿಸುತ್ತಾರೆ, ನಡುಮಧ್ಯಾಹ್ನವೂ ಒಳಗೆ ಕತ್ತಲೆ. ಹಾಗೆ ಕಟ್ಟಿದ ಮಗು ಕದಿರಿನ ಹಾಗೆ ನೆಟ್ಟಗೆ ಬೆಳೆಯುತ್ತದೆಂದು ಎಲ್ಲರೂ ನಂಬಿದ್ದರು. ಎರ್ಗಶನೂ ನಂಬಿದ್ದ, ಅವನಪ್ಪನೂ ನಂಬಿದ್ದ.

ಅವನಿಗಿಂತ ಆರು ವರ್ಷ ದೊಡ್ಡವಳು ಅಕ್ಕ ತೋಜಿಖೋನ್. ನಡೆದರೆ ಹೆಜ್ಜೆಹೆಜ್ಜೆಗೂ ಮೈ ಎಡಕ್ಕೆ ಕುಸಿಯುತ್ತಿತ್ತು. ಅವರ ಅಮ್ಮನೂ ಅಜ್ಜಿಯೂ ಹಾಗೆಯೇ ನಡೆದವರು. ಕೇರಿಯವರು ಅದನ್ನು ಕುಂಟು ಅಂದವರಲ್ಲ, 'ತೊಟ್ಟಿಲು ಮನೆಯವರ ನಡಿಗೆ' ಅನ್ನುತ್ತಿದ್ದರು. ಮೂಗು ಉದ್ದವಿರುವ ಮನೆತನ ಇರುವ ಹಾಗೆ ಇದೂ ಒಂದು, ಅಷ್ಟೇ. ಆದರೆ ಹೆಣ್ಣು ನೋಡಲು ಬಂದವರ ಮುಂದೆ ತೋಜಿಖೋನ್ ಚಹಾದ ತಟ್ಟೆ ಹಿಡಿದು ಅಂಗಳ ದಾಟಿ ಬಂದರೆ, ಅವರು ಚಹಾ ಕುಡಿದು, ಒಣದ್ರಾಕ್ಷಿ ತಿಂದು, ಮರಳಿ ಬಾರದ ಹಾಗೆ ಎದ್ದುಹೋಗುತ್ತಿದ್ದರು. ಹನ್ನೊಂದು ಸಲ ಹೀಗಾಯಿತು. ಹನ್ನೆರಡನೆಯ ಸಲ ಅವಳು ತಟ್ಟೆಯನ್ನೇ ಮುಟ್ಟಲಿಲ್ಲ. ಮುಂದೆ ಎರ್ಗಶನ ಹೆಂಡತಿ ತೀರಿಕೊಂಡಾಗ ತಾಯಿಯಿಲ್ಲದ ಅವನ ಮಗಳು ಮುಹಯ್ಯೊಳನ್ನು ಸಾಕಿದವಳು ಇವಳೇ.

ಆ ಮುಹಯ್ಯೊಗೆ ಮದುವೆಯಾಗಿ ಹೆಣ್ಣುಮಗು ಹುಟ್ಟಿತು. ಹೆಸರು ಓಯ್ದಿನ್. ಮೊದಲ ತೊಟ್ಟಿಲು ತಾಯಿಯ ತವರಿಂದಲೇ ಬರಬೇಕು. ಎರ್ಗಶ್ ಹನ್ನೊಂದು ವಾರ ಬೇರೆ ಯಾವ ಕೆಲಸವನ್ನೂ ಒಪ್ಪಿಕೊಳ್ಳದೆ ಅದನ್ನು ಕಡೆದ, ತೋಜಿಖೋನ್ ರೇಷ್ಮೆಯ ಪಟ್ಟಿ ಹೊಲಿದಳು. ತೊಟ್ಟಿಲಿಗೆ ಹಾಕುವ ದಿನ ಅದೇ ಕೇರಿಯ ಬೀಗಿತ್ತಿ ಹೋಸಿಯತ್ ಪದ್ಧತಿಯ ಪ್ರಕಾರ ಮಗುವನ್ನು ಬೇಕೆಂದೇ ತಲೆಕೆಳಗು ಮಾಡಿ ಇಟ್ಟು, "ಹೀಗಾ?" ಅಂತ ಕೇಳಿದಳು. ಹೆಂಗಸರೆಲ್ಲ ನಗುತ್ತ, "ಅಲ್ಲ ಅಲ್ಲ, ತಿರುಗಿಸು" ಅಂದರು. ಅವಳು ತಿರುಗಿಸಿ ಇಟ್ಟು, ಕಾಲು ಜೋಡಿಸಿ, ಪಟ್ಟಿ ಬಿಗಿದಳು. ಈ ಸಲ "ಹೀಗಾ?" ಅಂದಾಗ ಎಲ್ಲರೂ "ಹೌದು" ಅಂದರು. ಬಾಗಿಲ ಹೊರಗೆ ನಿಂತಿದ್ದ ಎರ್ಗಶನೂ ಮನಸ್ಸಿನಲ್ಲೇ ಹೌದು ಅಂದ.

ಮಗುವಿಗೆ ನಾಲ್ಕು ತಿಂಗಳಾದಾಗ ಮುಹಯ್ಯೊ ಫೋನ್ ಮಾಡಿದಳು. ಗಂಡ ಲಾರಿ ಓಡಿಸಿಕೊಂಡು ದೂರ ಹೋಗಿದ್ದ. "ಅಪ್ಪಾ, ಆಸ್ಪತ್ರೆಗೆ ಬಾ. ಪಾಪು ತೊಡೆ ಮೇಲಿನ ಗೆರೆ ಒಂದರ ಹಾಗೆ ಒಂದಿಲ್ಲ ಅಂತಿದಾರೆ."

ಡಾಕ್ಟರ್ ನೊದಿರಾ ಎಂಬಾಕೆ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದಳು. ಎಳೆಯ ಎಲುಬು ಅದರಲ್ಲಿ ಮಂಜಿನ ಹಾಗೆ ಕಾಣುತ್ತಿತ್ತು. ಆಕೆ ಪೆನ್ಸಿಲಿನಿಂದ ಅದರ ಮೇಲೆ ಒಂದು ಗುಂಡು, ಒಂದು ಬಟ್ಟಲು ಬರೆದಳು.

"ನೋಡಿ ಉಸ್ತಾ, ತೊಡೆ ಎಲುಬಿನ ತಲೆ ಗುಂಡಗಿರುತ್ತೆ. ಸೊಂಟದ ಎಲುಬಲ್ಲಿ ಅದು ಕೂರೋಕೆ ಒಂದು ಬಟ್ಟಲಿರುತ್ತೆ. ಇವಳ ಎಡಗಡೆ ಬಟ್ಟಲಿಗೆ ಆಳವೇ ಇಲ್ಲ. ಗುಂಡು ಜಾರಿ ಹೊರಗೆ ಬಂದಿದೆ."

ಎರ್ಗಶನಿಗೆ ಬೇರೆ ವಿವರಣೆಯೇ ಬೇಕಿರಲಿಲ್ಲ. ಗುಂಡಿ ಆಳವಿಲ್ಲದೆ ಕೂರಿಸಿದ ಗುಂಡು ಏನಾಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

"ನಿಮ್ಮ ವಂಶದಲ್ಲಿ ಯಾರಾದ್ರೂ ಕುಂಟೋರು ಇದಾರಾ?"

"ಇಲ್ಲಮ್ಮ, ಯಾರೂ ಇಲ್ಲ," ಅಂದ ಎರ್ಗಶ್.

"ಅಪ್ಪಾ," ಮುಹಯ್ಯೊ ಮೆಲ್ಲಗೆ ಹೇಳಿದಳು, "ತೋಜಿಖೋನ್ ಅತ್ತೆ?"

"ಅದು ಕುಂಟಲ್ವಲ್ಲೇ, ಅದು ನಮ್ಮ ಮನೆ..." ಅನ್ನುತ್ತ ಅವನು ಮಾತನ್ನು ಅರ್ಧಕ್ಕೇ ಬಿಟ್ಟ. ಎಪ್ಪತ್ತರ ಹತ್ತಿರದ ಅಕ್ಕ, ಚಹಾದ ತಟ್ಟೆ, ಅವಳಿಗೆಂದು ಅಪ್ಪ ಕಡೆದ ತೊಟ್ಟಿಲು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದಳು. ಕೆಲವರಿಗೆ ಹುಟ್ಟಿನಿಂದಲೇ ಬಟ್ಟಲು ಆಳ ಕಡಿಮೆ, ಅಂಥ ಮಗುವಿನ ಕಾಲು ಜೋಡಿಸಿ ಕಟ್ಟಿದರೆ ಇದ್ದದ್ದೂ ಕೆಡುತ್ತದೆ. ಅದರ ಮೇಲೆ ಈ ಮಗು ಬಿಸಿಲನ್ನೇ ಕಂಡಿಲ್ಲ. ನಲವತ್ತು ದಿನ ಕೋಣೆಯೊಳಗೆ, ಆಮೇಲೆ ಏಳು ಬಟ್ಟೆಯೊಳಗೆ. ರಕ್ತದಲ್ಲಿ ವಿಟಮಿನ್ ಡಿ ತಳಕ್ಕಿಳಿದಿದೆ, ಎಲುಬು ಗಟ್ಟಿಯಾಗಲು ಅದು ಬೇಕೇ ಬೇಕು. ದಿನಾ ಹನಿ ಕುಡಿಸಬೇಕು. ಮೂರು ತಿಂಗಳು ಮಗುವಿನ ಕಾಲು ಕಪ್ಪೆಯ ಹಾಗೆ ಅಗಲಿಸಿ ಹಿಡಿಯುವ ಪಟ್ಟಿ ಹಾಕಿರಬೇಕು. ಆಗಲೂ ಕೂರದಿದ್ದರೆ ಕೊಯ್ಯಬೇಕಾಗುತ್ತದೆ, ಕೊಯ್ದ ಮೇಲೂ ಕುಂಟು ಉಳಿದರೂ ಉಳಿಯಬಹುದು.

"ಮೂರು ತಿಂಗಳಲ್ಲಿ ಬಟ್ಟಲನ್ನ ಯಾರು ಕೊರೀತಾರೆ?" ಎರ್ಗಶ್ ಕೇಳಿದ.

"ಯಾರೂ ಕೊರಿಯಲ್ಲ ಉಸ್ತಾ. ಗುಂಡನ್ನ ಅದರ ಜಾಗದಲ್ಲಿ ಕೂರಿಸಿದ್ರೆ ಸಾಕು. ಮಗು ಕಾಲಾಡಿಸ್ತಾ ಆಡಿಸ್ತಾ ಬಟ್ಟಲು ಗುಂಡಿನ ಅಳತೆಗೆ ತಾನೇ ಬೆಳ್ಕೊಳುತ್ತೆ."

ಎರ್ಗಶ್ ನಂಬಲಿಲ್ಲ. ಉಳಿ ತಾಗದೆ ಗುಂಡಿ ಆಳವಾದದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಅಲ್ಲಿಂದ ನೇರ ಮನೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದ. ತೋಜಿಖೋನ್ ಊರುಗೋಲು ಕೈಗೆ ತೆಗೆದುಕೊಂಡಳು. "ನಡಿ, ಬೀಗರ ಮನೆಗೆ ಹೋಗೋಣ," ಅಂದಳು.

ಅಲ್ಲಿ ರಾದ್ಧಾಂತವಾಗಿತ್ತು. ಹೋಸಿಯತ್ ಕೆಟ್ಟವಳಲ್ಲ, ಬಾಯಿ ಮಾತ್ರ ಒಳ್ಳೇ ಗರಗಸ. "ಏನ್ರೀ ಬೀಗರೇ, ಹೆಣ್ಣುಮಗೂನ ಕಪ್ಪೆ ಥರ ಕಾಲು ಅಗಲಿಸಿ ಮಲಗಿಸಬೇಕಂತೆ. ಕಟ್ಟದಿದ್ರೆ ಕಾಲು ಸೊಟ್ಟ ಆಗಲ್ವಾ? ನಾಳೆ ಇವಳನ್ನ ಯಾರು ಮಾಡ್ಕೊಳ್ತಾರೆ?"

"ತೊಟ್ಟಿಲು ವಾಪಸ್ ತಗೊಂಡು ಹೋಗ್ತೀನಿ. ಅಗಲ ಮಾಡಿ ಕೊಡ್ತೀನಿ," ಅಂದ ಎರ್ಗಶ್.

"ಕೊಟ್ಟ ತೊಟ್ಟಿಲು ವಾಪಸ್ ಹೋದ್ರೆ ಸಂಬಂಧ ಹರೀತು ಅಂತ ಅರ್ಥ. ಕೇರಿ ಮುಂದೆ ನನ್ನ ಮಾನ ಕಳೀಬೇಕು ಅಂತಿದೀರಾ?"

ಬಾಗಿಲ ಹತ್ತಿರ ಊರುಗೋಲು ಒರಗಿಸಿ ತೋಜಿಖೋನ್ ಮುಂದೆ ಬಂದಳು. "ಹೋಸಿಯತ್, ಮೂವತ್ತು ವರ್ಷದಿಂದ ನನ್ನ ನಡಿಗೆ ಕಂಡು ಬೆನ್ನ ಹಿಂದೆ ನಗ್ತಾ ಬಂದಿದೀಯ. ಪರವಾಗಿಲ್ಲ, ಎಲ್ಲರೂ ನಕ್ಕಿದಾರೆ. ಇವತ್ತು ಒಂದು ಸಲ ಸರಿಯಾಗಿ ನೋಡು."

ಅವಳು ಕೋಲಿಲ್ಲದೆ ಅಂಗಳದ ಈ ಕೊನೆಯಿಂದ ಆ ಕೊನೆಗೆ ನಡೆದಳು. ಹೆಜ್ಜೆಗೊಮ್ಮೆ ಮೈ ಕುಸಿಯಿತು, ಹೆಜ್ಜೆಗೊಮ್ಮೆ ಹಲ್ಲು ಕಚ್ಚಿದಳು. ಆ ಕೊನೆಯಲ್ಲಿ ಗೋಡೆ ಹಿಡಿದು ತಿರುಗಿ, ಮತ್ತೆ ಅಷ್ಟೂ ದೂರ ನಡೆದು ಬಂದಳು.

"ನನ್ನನ್ನೂ ಬಿಗಿಯಾಗಿ, ನೆಟ್ಟಗೆ, ಪ್ರೀತಿಯಿಂದಲೇ ಕಟ್ಟಿದ್ರು ಕಣೇ. ನನ್ನನ್ನ ಯಾರು ಮಾಡ್ಕೊಂಡ್ರು ಹೇಳು?"

ಹೋಸಿಯತ್ ಒಳಗೆ ಹೋಗಿ ತೊಟ್ಟಿಲ ಮೇಲಿನ ಏಳು ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಚಿದಳು. ಏಳನೆಯದರಲ್ಲಿ ಕಣ್ಣೊರೆಸಿಕೊಂಡು, "ಹಗಲಲ್ಲೇ ಹೊತ್ಕೊಂಡು ಹೋಗಿ ಬೀಗರೇ. ಕೇಳಿದೋರಿಗೆ ನಾನು ಹೇಳ್ಕೊಳ್ತೀನಿ," ಅಂದಳು.

ಮರುದಿನವೇ ತೊಟ್ಟಿಲು ಒಂದು ಗೇಣು ಅಗಲವಾಗಿ ಹಿಂತಿರುಗಿತು. ಕಾಲು ಬಿಗಿಯುವ ಪಟ್ಟಿ ಇರಲಿಲ್ಲ. ಅದು ಬೆಳಗಿನ ಬಿಸಿಲು ಚೆನ್ನಾಗಿ ಬೀಳುವ ಕಾಲ. ಹೋಸಿಯತ್ ದೃಷ್ಟಿಯಾಗದಿರಲಿ ಎಂದು ಮಗುವಿನ ಟೋಪಿಗೆ ಮಣಿ ಕಟ್ಟಿ, ತಾನೇ ಹೊರಗೆ ತಂದು ಜಗಲಿಯ ಮೇಲೆ ಮಲಗಿಸುತ್ತಿದ್ದಳು. ಹನಿ ಕುಡಿಸುವುದನ್ನು ಸೊಸೆಗೂ ಬಿಟ್ಟುಕೊಡಲಿಲ್ಲ. ಡಾಕ್ಟರು ಹಾಕಿಸಿದ ಪಟ್ಟಿಯೊಳಗೆ ಕಾಲು ಅಗಲಿಸಿಕೊಂಡ ಓಯ್ದಿನ್ ಇಡೀ ಬೆಳಗು ಗಾಳಿಯನ್ನು ಒದೆಯುತ್ತಿದ್ದಳು. ಎರ್ಗಶ್ ದಿನಾ ಬಂದು ಆ ಒದೆತವನ್ನು ನೋಡುತ್ತ ಕೂರುತ್ತಿದ್ದ. ಡಾಕ್ಟರ ಮಾತು ನಿಜವಾದರೆ ಈ ಪುಟ್ಟ ಕಾಲೇ ಈಗ ಉಳಿ ಹಿಡಿದಿದೆ, ತಾನು ಸುಮ್ಮನೆ ಕೂತು ನೋಡುವ ಕೆಲಸಗಾರ ಎಂದು ಅನಿಸಿ ಅವನಿಗೆ ಭಯವೂ ಆಗುತ್ತಿತ್ತು, ಮೈಯೂ ಜುಮ್ಮೆನ್ನುತ್ತಿತ್ತು.

ಮೂರು ತಿಂಗಳು ಕಳೆದು ಹೊಸ ಎಕ್ಸ್‌ರೇ ಬಂತು. ಡಾಕ್ಟರ್ ನೊದಿರಾ ಈ ಸಲ ಪೆನ್ಸಿಲ್ ತೆಗೆಯಲಿಲ್ಲ, ಹಾಳೆಯನ್ನು ಅವನ ಕೈಗೇ ಕೊಟ್ಟಳು. ಎರ್ಗಶ್ ಕಿಟಕಿಯ ಬೆಳಕಿಗೆ ಹಿಡಿದ. ಎಡಗಡೆ, ಮೊದಲು ಬೋಳಾಗಿದ್ದ ಜಾಗದಲ್ಲಿ, ಬಟ್ಟಲಿಗೆ ಅಂಚು ಮೂಡಿತ್ತು. ಗುಂಡು ಅದರಡಿಯಲ್ಲಿ ಬೆಚ್ಚಗೆ ಕೂತಿತ್ತು. ಅವನು ಹೆಬ್ಬೆರಳಿಂದ ಆ ಅಂಚನ್ನು ಸವರಿದ. ಲೇತಿಲ್ಲ, ಉಳಿಯಿಲ್ಲ, ಉದುರಿದ ಒಂದು ಚೂರು ಹೊಟ್ಟಿಲ್ಲ. ಮರದಲ್ಲಿ ತೆಗೆದು ತೆಗೆದು ಆಕಾರ ಮಾಡುವುದಷ್ಟೇ ಅವನಿಗೆ ಗೊತ್ತಿತ್ತು. ಇಲ್ಲಿ ಯಾರೋ ಏನನ್ನೂ ತೆಗೆಯದೆ, ಬೆಳೆಸಿ ಬೆಳೆಸಿ ಮಾಡಿದ್ದರು.

"ಉಸ್ತಾ, ಕೂತ್ಕೊಳಿ," ಅಂದಳು ಡಾಕ್ಟರು.

"ಇಲ್ಲಮ್ಮ," ಅಂದ ಅವನು. "ಇಂಥಾ ಕೆಲಸದ ಮುಂದೆ ನಿಂತೇ ಇರಬೇಕು."

ಅಂದಿನಿಂದ ಅವನು ಕಾಲುಪಟ್ಟಿಯ ತೊಟ್ಟಿಲು ಮಾಡಲಿಲ್ಲ. ಕೊಳ್ಳುವವರು ಗೊಣಗಿದರು, ಕೆಲವರು ಪಕ್ಕದ ಅಂಗಡಿಗೆ ಹೋದರು. ಹೋಗಲಿ ಅಂದ.

ಓಯ್ದಿನ್ ನಡೆದದ್ದು ಹದಿನಾಲ್ಕನೆಯ ತಿಂಗಳಲ್ಲಿ, ಅಜ್ಜನ ಕೆಲಸದ ಮನೆಯಲ್ಲಿ. ನೆಲದ ತುಂಬ ಹಿಪ್ಪುನೇರಳೆಯ ನುಣುಪು ಹೊಟ್ಟು ಹರಡಿತ್ತು. ಮುಹಯ್ಯೊ ಕೈಬಿಟ್ಟಳು. ಎದುರಿಗೆ ಕೂತಿದ್ದ ತೋಜಿಖೋನ್ ಕೈ ಚಾಚಿದಳು. ಮಗು ಒಂದು, ಎರಡು, ಆರು, ಒಂಬತ್ತು ಹೆಜ್ಜೆ ಇಟ್ಟು ಮುದುಕಿಯ ಮಡಿಲಿಗೆ ಬಿತ್ತು.

ಎರ್ಗಶ್ ಲೇತು ನಿಲ್ಲಿಸಿ ನೆಲ ನೋಡಿದ. ಹೊಟ್ಟಿನ ಮೇಲೆ ಬಾಗಿಲಿಂದ ಅಕ್ಕ ಬಂದು ಕೂತ ಹೆಜ್ಜೆಗಳಿದ್ದವು. ಬಲದ್ದು ಆಳವಾಗಿ ಒತ್ತಿತ್ತು, ಎಡದ್ದು ಎಳೆದುಕೊಂಡು ಬಂದಿತ್ತು. ಪಕ್ಕದಲ್ಲೇ ಒಂಬತ್ತು ಪುಟ್ಟ ಹೆಜ್ಜೆ. ಅವನು ಮಂಡಿಯೂರಿ ಮಗುವಿನ ಎಡಹೆಜ್ಜೆಯನ್ನು ಮುಟ್ಟಿದ, ಬಲಹೆಜ್ಜೆಯನ್ನು ಮುಟ್ಟಿದ. ಕೂದಲೆಳೆ ವ್ಯತ್ಯಾಸವನ್ನು ಹಿಡಿಯುವ ಬೆರಳಿಗೆ ಏನೂ ಸಿಗಲಿಲ್ಲ.

"ಏನು ಹುಡುಕ್ತಿದೀಯೋ ತಮ್ಮ?" ತೋಜಿಖೋನ್ ಮಗುವನ್ನು ಎದೆಗೊತ್ತಿಕೊಂಡು ಕೇಳಿದಳು. ಕೆನ್ನೆ ಒದ್ದೆಯಾಗಿತ್ತು, ಮುಖ ನಗುತ್ತಿತ್ತು. "ನಮ್ಮ ಮನೆ ನಡಿಗೆ ಇವಳಿಗೆ ಬಂದಿಲ್ಲ ಕಣೋ. ಅದು ನನ್ನ ಜೊತೆಗೇ ಹೋಗುತ್ತೆ."