ಹುಕ್ಕೇರಿಗೆ ಒಯ್ಯಬಾರದಿದ್ದ ಬೇರಿಂಗ್

ಅಕ್ಕವ್ವಾ, ಅಪ್ಪೂ,

ಹೋದ ಸಲ ಬಂದಾಗ ನೀವು ಗೋಡೆಯ ಮಾಡದಲ್ಲಿದ್ದ ತಗಡಿನ ಡಬ್ಬಿ ತೆಗೆದು, ಅದರೊಳಗಿನ ಕರಿ ಗುಂಡುಗಳನ್ನು ಗೋಲಿ ಮಾಡಿಕೊಂಡು ಆಡಿದಿರಿ. ನಾನು ಬಂದು ಕಸಿದುಕೊಂಡೆ. ಅಪ್ಪು ಅತ್ತ. ಯಾಕೆ ಕಸಿದುಕೊಂಡೆ ಎಂದು ಎದುರಿಗೆ ಕೂತು ಹೇಳುವ ಬಾಯಿ ನನಗಿಲ್ಲ. ನಾಗನೂರ ಸಾಲಿಯಲ್ಲಿ ಐದನೆಯ ಇಯತ್ತೆಯ ತನಕ ಕಲಿತಿದ್ದೇನೆ, ಬರೆಯಲು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಕೊಣ್ಣೂರಿನಲ್ಲಿ ಮಿಸ್ತ್ರಿ. ಮನೆಗೆ ಹತ್ತಿಕೊಂಡ ತಗಡಿನ ಶೆಡ್ಡಿನಲ್ಲಿ ಮೋಟಾರು, ಪಂಪು ರಿಪೇರಿ ಮಾಡುತ್ತಿದ್ದರು. ಜನ ಅವರನ್ನು ಕರೆಯುತ್ತಿದ್ದದ್ದು ಅವರ ಕಿವಿಗಾಗಿ. ಓಡುವ ಯಂತ್ರದ ಮೈಗೆ ಸ್ಕ್ರೂ ತಿರುಗಿಸುವ ಉದ್ದನೆಯ ಪೇಚಕಸದ ತುದಿ ಹಚ್ಚಿ, ಹಿಡಿಕೆಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದರೆಂದರೆ, ಒಳಗಿನ ಬೇರಿಂಗ್ ಇನ್ನೆಷ್ಟು ದಿನದ್ದು ಎಂದು ಹೇಳಿಬಿಡುತ್ತಿದ್ದರು. ಬೇರಿಂಗ್ ಎಂದರೆ ಒಂದರೊಳಗೊಂದು ಎರಡು ಉಕ್ಕಿನ ರಿಂಗು, ನಡುವೆ ಗುಂಡುಗಳು, ಅಷ್ಟೇ. ಯಂತ್ರ ತಿರುಗುವುದು ಅದರ ಮೇಲೆ.

ಆ ಕಿವಿ ಮಂದವಾಗತೊಡಗಿದ್ದು ಮೊದಲು ತಿಳಿದದ್ದು ನನಗೆ. ಒಲೆಯ ಮೇಲೆ ಹಾಲು ಉಕ್ಕಿ ಸುರಿದರೂ ಬಾಜೂ ಕೂತ ಅವರಿಗೆ ಆ ಸಪ್ಪಳ ಗೊತ್ತಾಗುತ್ತಿರಲಿಲ್ಲ. ದವಾಖಾನೆಗೆ ಹೋಗೋಣ, ಕಿವಿಯಲ್ಲಿಡುವ ಮಶೀನು ಸಿಗುತ್ತದೆಯಂತೆ ಎಂದೆ.

"ಕಿವ್ಯಾಗ ಮಶೀನ ಇಟಗೊಂಡ ಮಿಸ್ತ್ರೀನ ಯಾರ ಕರೀತಾರ?" ಎಂದರು. ನಾನು ಮತ್ತೆ ಆ ಮಾತು ತೆಗೆಯಲಿಲ್ಲ.

ಅಂದಿನಿಂದ ನಾನೇ ಅವರ ಕಿವಿ. ಅವರು ಪೇಚಕಸ ಹಚ್ಚಿ ಕಣ್ಣು ಮುಚ್ಚುವರು. ನಾನು ರೊಟ್ಟಿಯ ಗಂಟು ಹಿಡಿದು ಹಿಂದೆ ನಿಂತು ಕೇಳುವೆ. ಕೆಟ್ಟ ಬೇರಿಂಗ್ ಜೋಳ ಹಾಕದ ಬೀಸುಕಲ್ಲಿನ ಹಾಗೆ ಗರಗರ ಅನ್ನುತ್ತದೆ, ಕಲಿಯಲು ಬಹಳ ದಿನ ಹಿಡಿಯಲಿಲ್ಲ. ಚೊಲೋ ಇದ್ದರೆ ಗಂಟು ಬಲಗೈಯಲ್ಲಿ, ಕೆಟ್ಟಿದ್ದರೆ ಎಡಗೈಯಲ್ಲಿ. ಅವರು ಕಣ್ಣು ತೆರೆದು ಒಮ್ಮೆ ನನ್ನ ಕಡೆ ನೋಡಿ ತೀರ್ಪು ಹೇಳುವರು.

ಹುಕ್ಕೇರಿಯ ಕಡೆ ಒಂದು ಕಲಾಯಿ ಶೆಡ್ಡಿತ್ತು. ಕಬ್ಬಿಣದ ಸಾಮಾನನ್ನು ಆ್ಯಸಿಡ್ಡಿನಲ್ಲಿ ತೊಳೆದು ಕಲಾಯಿ ಹಾಕುವರು. ಅಲ್ಲಿಯ ಫೋರ್ಮನ್ ಬಾಯಿಬಡುಕ.

"ಏನ್ರಿ ಮಿಸ್ತ್ರಿ, ಡಾಕ್ಟರಗತೆ ಹಚ್ಚಿ ಕೇಳಾಕತ್ತೀರಿ. ನಮ್ಮ ಪಂಪಿಗೆ ಎಷ್ಟ ತಿಂಗಳಾತು ಹೇಳ್ರಿ" ಎನ್ನುವನು. ನನ್ನ ಕಡೆ ತಿರುಗಿ, "ವೈನಿ, ದಿನಾ ಬಿಸಿ ರೊಟ್ಟಿ ಹೊತಗೊಂಡ ಬರ್ತೀರಲಾ, ನಮ್ಮ ಮನಿಯಾಕಿಗೂ ಒಂದೀಟ ಕಲಸ್ರಿ" ಎಂದು ನಗುವನು. ನಾನು ಸೆರಗು ಇನ್ನಷ್ಟು ಎಳೆದುಕೊಳ್ಳುತ್ತಿದ್ದೆ.

ಆ ಆ್ಯಸಿಡ್ ಪಂಪಿನ ಬೇರಿಂಗ್ ಬಾಳುತ್ತಲೇ ಇರಲಿಲ್ಲ. ಸೀಲಿನಿಂದ ಜಿನುಗಿದ ಆ್ಯಸಿಡ್, ಅದರ ಹೊಗೆ ಎರಡೂ ಸೇರಿ ಉಕ್ಕನ್ನು ತಿನ್ನುತ್ತಿದ್ದವು. ಇನ್ನೊಂದು ಕಡೆ ಮೂಡಲಗಿಯ ಹತ್ತಿರದ ಸಕ್ಕರೆ ಘಟಕ. ಕಾಕಂಬಿಯಿಂದ ಸಕ್ಕರೆ ಬೇರೆ ಮಾಡುವ ಬುಟ್ಟಿಯಂಥ ಯಂತ್ರ ಅಲ್ಲಿ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತಿತ್ತು. ಅದರ ಬೇರಿಂಗ್ ಕಾಯ್ದು ಸುಟ್ಟು ಹೋಗುತ್ತಿತ್ತು. ಪಿಂಗಾಣಿ ಗುಂಡಿನ ಬೇರಿಂಗ್ ಬಂದಿವೆ, ಸಿರಾಮಿಕ್ ಅನ್ನುತ್ತಾರೆ ಎಂದು ಯಾರೋ ಹೇಳಿದರು. ಅಜ್ಜನಿಗೆ ಅದರದೇ ಹುಚ್ಚು ಹಿಡಿದುಬಿಟ್ಟಿತು. ಬಹಳ ದಿನ ಬಾಳುವ ಬೇರಿಂಗ್ ಕೂಡಿಸಿದರೆ ಮೇಲಿಂದ ಮೇಲೆ ಕಿವಿ ಹಚ್ಚಿ ಕೇಳಬೇಕಾಗಿಲ್ಲ. ಕಿವಿ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಮಿಸ್ತ್ರಿ ಮಿಸ್ತ್ರಿಯಾಗಿಯೇ ಉಳಿಯುತ್ತಾರೆ.

ಗೋಕಾಕದ ಪೇಟೆಯ ಅಂಗಡಿಗೆ ಇಬ್ಬರೂ ಹೋದೆವು. ಹುಕ್ಕೇರಿ, ಮೂಡಲಗಿ ಎರಡೂ ಕಡೆಯ ಕೆಲಸ ಎಂಥದು ಎಂದು ಅಜ್ಜ ಹೇಳಿದರು. ಸಾವಕಾರರು ಒಂದು ಬೇರಿಂಗ್ ಕೈಯಲ್ಲಿ ತಿರುಗಿಸಿ ತೋರಿಸಿದರು. ಗುಂಡುಗಳು ಕಪ್ಪಗೆ ಮಿಂಚುತ್ತಿದ್ದವು.

"ಹಗುರ ಅದಾವ ಮಿಸ್ತ್ರಿ, ಎಷ್ಟ ಜೋರ ಓಡಿದ್ರೂ ಕಾಯೂದಿಲ್ಲ" ಎಂದರು. ಅವರ ತುಟಿಯನ್ನೇ ನೋಡುತ್ತಿದ್ದ ಅಜ್ಜ ತಲೆಯಾಡಿಸಿದರು.

ಆಮೇಲೆ ಸಾವಕಾರರು ಹಿಂದಿನ ಕಪಾಟಿನ ಕಡೆ ತಿರುಗಿ, ನಮಗೆ ಬೆನ್ನು ಕೊಟ್ಟುಕೊಂಡೇ ಮಾತು ಮುಂದುವರಿಸಿದರು. "ಮೂಡಲಗಿಗೆ ಇದ ನಡೀತೈತಿ. ಹುಕ್ಕೇರಿಗೆ ಮಾತ್ರ ಬ್ಯಾಡ್ರಿ. ಇದರ ಗುಂಡ ಅಷ್ಟ ಪಿಂಗಾಣಿ, ರಿಂಗು ಉಕ್ಕಿಂದೇ. ಆ್ಯಸಿಡ್ಡಿಗೆ ರಿಂಗು, ಗುಂಡು ಎಲ್ಲಾ ಪಿಂಗಾಣೀದ ಬೇಕು. ಬೆಳಗಾವಿಂದ ತರಸಬೇಕಾಗತೈತಿ. ತರಸಲೇನ್ರಿ, ಇಲ್ಲಾ ಇದ ಎರಡ ಕೊಡ್ಲ್ಯಾ?"

ತಿರುಗಿ ನಿಂತು ಎರಡು ಬೆರಳು ತೋರಿಸಿದರು. ಅಜ್ಜ ನಗುತ್ತ, "ಹೌದ್ರಿ, ಎರಡ ಕೊಡ್ರಿ" ಎಂದರು.

ಸಾವಕಾರರು ಒಂದು ಕ್ಷಣ ಅವರನ್ನು ನೋಡಿದರು. ಮಿಸ್ತ್ರಿಗೆ ಗೊತ್ತಿರಬೇಕು ಅಂದುಕೊಂಡಿರಬೇಕು. ಎರಡು ಡಬ್ಬಿ ಕಟ್ಟಿ ಕೊಟ್ಟರು.

ಎಲ್ಲ ಮಾತೂ ನನಗೆ ಕೇಳಿಸಿತ್ತು. ಗಂಡಸರ ವ್ಯವಹಾರದ ನಡುವೆ ಅಂಗಡಿಯಲ್ಲಿ ನಿಂತು ಬಾಯಿ ಹಾಕುವುದು ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಇರಲಿಲ್ಲ. ಹಾಕಿದ್ದರೂ, ಗಂಡ ಕೇಳಿಸಿಕೊಳ್ಳದ್ದನ್ನು ಹೆಂಡತಿ ಹೇಳಿದಳು ಎಂದು ಅಲ್ಲೇ ಗುಟ್ಟು ಬಯಲಾಗುತ್ತಿತ್ತು. ಕೈಯಲ್ಲಿದ್ದ ರೊಟ್ಟಿಯ ಗಂಟನ್ನು ಎಡಗೈಗೆ ತಂದೆ. ಅವರು ನನ್ನ ಕಡೆ ನೋಡಲಿಲ್ಲ. ಅಲ್ಲಿ ಓಡುವ ಯಂತ್ರ ಇರಲಿಲ್ಲವಲ್ಲ.

ಬಸ್ಸಿನಲ್ಲಿ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರಿಗೆ ಕೇಳಿಸಬೇಕೆಂದರೆ ನಾನು ಒದರಬೇಕು. ಒದರಿದರೆ ಇಡೀ ಬಸ್ಸು ಕೇಳುತ್ತದೆ. ಮನೆಗೆ ಹೋಗಿ ಹೇಳಿದರಾಯಿತು ಅಂದುಕೊಂಡೆ. ಮನೆಗೆ ಬಂದ ಮೇಲೆ ಹೇಳಬಹುದಿತ್ತು, ಖರೆ. ಹೇಳಿದರೆ, ನೀವು ಕೇಳದ ಮಾತಿಗೆ ಹೌದು ಅಂದಿರಿ ಎಂದೂ ಹೇಳಬೇಕಿತ್ತು. ಅವರು ಅಂದು ಎರಡು ರೊಟ್ಟಿ ಹೆಚ್ಚು ಉಂಡಿದ್ದರು. ಮರುದಿನ ಹುಕ್ಕೇರಿಗೆ ಹೋಗಿ ಒಂದು ಬೇರಿಂಗ್ ಕೂಡಿಸಿಬಿಟ್ಟರು, ಆಮೇಲೆ ಇನ್ನೊಂದನ್ನು ಮೂಡಲಗಿಯಲ್ಲಿ.

ಎರಡು ತಿಂಗಳೂ ತುಂಬಿರಲಿಲ್ಲ, ಹುಕ್ಕೇರಿಯ ಪಂಪು ತಿರುಗದೆ ಹಿಡಿದುಕೊಂಡು ನಿಂತಿತು. ಹೋಗಿ ಬಿಚ್ಚಿದೆವು. ರಿಂಗು ಗೆದ್ದಲು ಹತ್ತಿದ ಹಾಗೆ ತೂತು ತೂತಾಗಿ ಕಂದಿತ್ತು. ನಡುವಿನ ಕರಿ ಗುಂಡುಗಳು ಮಾತ್ರ ತಂದ ದಿನದ ಹಾಗೆಯೇ ಇದ್ದವು. ಅಜ್ಜ ಬಗ್ಗಿ ತುಕ್ಕು ಕೆರೆಯುತ್ತಿದ್ದರು. ಹಿಂದಿನಿಂದ ಫೋರ್ಮನ್, "ಮಿಸ್ತ್ರಿ, ಅಂಗಡ್ಯಾಂವ ಏನೂ ಹೇಳಲಿಲ್ಲೇನ್ರಿ?" ಎಂದು ಕೇಳಿದ. ಅವರು ಕೆರೆಯುತ್ತಲೇ ಇದ್ದರು. ಇನ್ನೊಮ್ಮೆ ಜೋರಾಗಿ ಕೇಳಿದ. ಆಮೇಲೆ ನಟ್ಟು ತಿರುಗಿಸುವ ಪಾನಾ ತೆಗೆದುಕೊಂಡು ಅವರ ಬೆನ್ನ ಹಿಂದಿನ ಪೈಪಿಗೆ ಠಣ್ ಎಂದು ಹೊಡೆದ. ಕೆಲಸದವರೆಲ್ಲ ತಿರುಗಿ ನೋಡಿದರು. ಅವರೊಬ್ಬರು ತಿರುಗಲಿಲ್ಲ.

ಫೋರ್ಮನ್ ನಗಲಿಲ್ಲ. ನನ್ನ ಹತ್ತಿರ ಬಂದು, "ಎಷ್ಟ ದಿನಾ ಆತ್ರಿ, ವೈನಿ?" ಎಂದು ಮೆಲ್ಲಗೆ ಕೇಳಿದ.

ಮಿಸ್ತ್ರಿಗೆ ಕಿವಿ ಕೇಳಿಸುವುದಿಲ್ಲ ಎಂಬ ಮಾತು ನಮ್ಮ ಬಸ್ಸಿಗಿಂತ ಮುಂಚೆ ಕೊಣ್ಣೂರು ಮುಟ್ಟಿತು. ಹುಕ್ಕೇರಿಯವರು ಮತ್ತೆ ಕರೆಯಲಿಲ್ಲ. ಮೂಡಲಗಿಯವರೂ ಕರೆಯಲಿಲ್ಲ. ಅಲ್ಲಿ ಕೂಡಿಸಿದ್ದು ಅಷ್ಟು ಚೆನ್ನಾಗಿ ಓಡುತ್ತಿತ್ತು, ಕರೆಯುವ ಕಾರಣವೇ ಇರಲಿಲ್ಲ. ಶೆಡ್ಡಿಗೆ ಬೀಗ ಬಿತ್ತು.

ಆಮೇಲೆ ಮೂರು ವರ್ಷ ಅಜ್ಜ ಕಟ್ಟೆಯ ಮೇಲೆ ಕೂತರು. ಒಮ್ಮೊಮ್ಮೆ ಪೇಚಕಸ ತಂದು ನನ್ನ ಮಿಕ್ಸರಿಗೆ ಹಚ್ಚಿ ಕಿವಿಗೆ ಒತ್ತುತ್ತಿದ್ದರು, ತೆಗೆದಿಡುತ್ತಿದ್ದರು. ಹುಕ್ಕೇರಿಯಿಂದ ತಂದಿಟ್ಟ ಆ ಗುಂಡುಗಳನ್ನು ಅಂಗೈಯಲ್ಲಿ ಹೊರಳಿಸುತ್ತ, "ಗುಂಡ ಹಂಗ ಅದಾವ ನೋಡು. ರಿಂಗು ಯಾಕ ಹೋತು? ಸಾವಕಾರ ಮೋಸಾ ಮಾಡಿದ್ನೇನ?" ಎಂದು ಕೇಳುವರು. ಪ್ರತಿ ಸಲವೂ ನನ್ನ ತುಟಿಯನ್ನೇ ನೋಡುವರು. ನಾನು ಪ್ರತಿ ಸಲವೂ "ಗೊತ್ತಿಲ್ಲರಿ" ಅನ್ನುವೆ. ತೀರಿಕೊಳ್ಳುವ ವಾರದಲ್ಲೂ ಕೇಳಿದರು. ಆಗಲೂ ಅದನ್ನೇ ಅಂದೆ.

ಸಾವಕಾರರು ಮೋಸ ಮಾಡಿರಲಿಲ್ಲ. ಇದನ್ನು ಇಲ್ಲಿಯ ತನಕ ಯಾರಿಗೂ ಹೇಳಿಲ್ಲ, ನಿಮ್ಮ ಅವ್ವನಿಗೂ. ಬರೆದರೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಈ ಹಾಳೆಗಳನ್ನು ಗುಂಡುಗಳ ಜೊತೆ ಅದೇ ಡಬ್ಬಿಯಲ್ಲಿ ಇಡಿರಿ. ಗುಂಡಿಗೆ ಏನೂ ಆಗುವುದಿಲ್ಲ. ಹಾಳೆಗೆ ಮಾತ್ರ ನೀರು ತಾಗದಂತೆ ನೋಡಿಕೊಳ್ಳಿರಿ, ನನ್ನ ಮಕ್ಕಳೇ.