ಹಕ್ಕಲು ಶೇಂಗಾದ ಉಂಡೆ

ಜೇವರ್ಗಿಯ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಚಿಕ್ಕಿ ಹಂಚುವ ದಿನ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಹುರಿದ ಶೇಂಗಾ, ಬೆಲ್ಲದ ವಾಸನೆ ಗಮ್ಮೆಂದು ಮೂಗಿಗೆ ಬಡಿಯುತ್ತದೆ. ಟೀಚರಾದ ನಾನು ಮಕ್ಕಳಿಗಿಂತ ಮೊದಲೇ ಬಾಯಲ್ಲಿ ನೀರೂರಿಸಿಕೊಂಡು, ನಿಂಬರ್ಗಾದ ನಾಲ್ಕನೇ ಇಯತ್ತೆಯ ಹುಡುಗಿಯಾಗಿಬಿಡುತ್ತೇನೆ.

ಅಲ್ಲಿ ನಮ್ಮ ಟೀಚರ್ರಿಗೆ ಅಂಗಡಿಯ ಪಾಕೀಟು ತಿನಿಸು ಕಂಡರಾಗುತ್ತಿರಲಿಲ್ಲ. ಪ್ರತಿ ಶನಿವಾರ ಪಾಳಿಯ ಮೇಲೆ ಒಬ್ಬರ ಮನೆಯಿಂದ, ಮನೆಯಲ್ಲೇ ಮಾಡಿದ್ದು ಬರಬೇಕು. ಎಲ್ಲರಿಗೂ ಒಂದೊಂದು, ಮಗ್ಗಿ ತಪ್ಪದೆ ಒಪ್ಪಿಸಿದವರಿಗೆ ಎರಡು. ಆ ಎರಡನೆಯದರ ಆಸೆಗೆ ನಾವು ನೀರು ತರುವಾಗಲೂ ಹದಿನೇಳರ ಮಗ್ಗಿ ಒದರುತ್ತಿದ್ದೆವು. ಎಳ್ಳುಂಡೆ, ಜೋಳದ ಅರಳು, ಕುದಿಸಿದ ತೊಗರಿಕಾಯಿ, ಏನು ಬಂದರೂ "ನಮ್ಮ ಹೊಲದ್ದು" ಎಂದು ಎದೆಯುಬ್ಬಿಸಿಯೇ ತರುತ್ತಿದ್ದರು. ನನ್ನ ಪಾಳಿಯೂ ಬಂತು. ನಮಗೆ ಹೊಲವೇ ಇರಲಿಲ್ಲ. ಅವ್ವ ಕೂಲಿಗೆ ಹೋಗುತ್ತಿದ್ದುದು ನನ್ನ ಪಕ್ಕದಲ್ಲೇ ಕೂರುತ್ತಿದ್ದ ರೇಣುಕಾಳ ಅಪ್ಪನ ಹೊಲಕ್ಕೆ.

"ಹೊಲ ಇಲ್ಲಂದ್ರ ಏನಾತು? ಹಕ್ಕಲು ಅದ, ನಡೀ ಬೇ," ಎಂದಳು ಆಯಿ, ನನ್ನ ಅಜ್ಜಿ. ರಾಶಿ ಮುಗಿದ ಮೇಲೆ ನೆಲದಲ್ಲಿ ಉಳಿದ ಕಾಯಿ ಆರಿಸಿಕೊಳ್ಳಲು ಯಾರದೂ ತಕರಾರಿರಲಿಲ್ಲ. ಶಾಲೆ ಬಿಟ್ಟೊಡನೆ ರೇಣುಕಾಳ ಅಪ್ಪನ ಹೊಲಕ್ಕೆ ಓಡಿಹೋಗಿ, ಕುರ್ಪಿಯಿಂದ ಮಣ್ಣು ಕೆದಕುತ್ತಿದ್ದೆ. ಒಂದು ಕಾಯಿ ಸಿಕ್ಕರೆ ಕಿರುಚಾಡುತ್ತಿದ್ದೆ, ಎರಡು ಜೊತೆಗೆ ಸಿಕ್ಕರಂತೂ ಆಯಿಯನ್ನು ತಬ್ಬಿಕೊಳ್ಳುತ್ತಿದ್ದೆ. ಮೂವತ್ತಾರು ಮಕ್ಕಳಿಗೆ ಸಾಲುವುದೋ ಇಲ್ಲವೋ ಎಂಬ ಚಿಂತೆ ಬೇರೆ. ನಾಲ್ಕು ದಿನಕ್ಕೆ ಬುಟ್ಟಿ ತುಂಬಿತು. ಆಯಿ ಹುರಿದಳು, ಅವ್ವ ಕುಟ್ಟಿದಳು, ಉಂಡೆ ಕಟ್ಟಿದವಳು ನಾನೇ. ಸೊಟ್ಟಸೊಟ್ಟ ಉಂಡೆಗಳು, ಆದರೂ ನನಗೆ ಅವೇ ಚೆಂದ.

ಶನಿವಾರ ಮಗ್ಗಿ ಗೆದ್ದವಳು ರೇಣುಕಾ. ಮೊದಲ ಉಂಡೆ ಕಚ್ಚಿದವಳೇ ಕೇಳಿದಳು: "ನಮ್ಮ ಹೊಲದ ಹಕ್ಕಲು ಶೇಂಗಾ ಅಲ್ಲೇನ್ ಬೇ ಇವು?"

ಕ್ಲಾಸೆಲ್ಲ ಗೊಳ್ಳೆಂದಿತು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಯಾರಾದರೂ ಉಂಡೆ ಕೆಳಗಿಟ್ಟಿದ್ದರೆ ನಾನು ಮತ್ತೆ ಆ ಶಾಲೆಯ ಮೆಟ್ಟಿಲು ಹತ್ತುತ್ತಿರಲಿಲ್ಲ, ಅಷ್ಟು ಸಿಟ್ಟಿನ ಹುಡುಗಿ ನಾನು.

"ಹೌದೇನವಾ?" ಎಂದರು ಟೀಚರ್ರು.

"ಹೌದ್ರಿ. ನಾನೂ ನಮ್ಮ ಆಯಿ ನಾಕ್ ದಿನ ಆರಿಸೇವ್ರಿ."

ಟೀಚರ್ರು ತಮ್ಮ ಉಂಡೆಯನ್ನು ನಿಧಾನಕ್ಕೆ ಅಗಿದರು. "ಗಿಡಾ ಕಿತ್ತಾಗ ಚಲೋ ಬಲಿತಿದ್ದೇ ಕಳಚಿ ನೆಲದಾಗ ಉಳೀತಾವ. ಅದಕ್ಕ ಇಷ್ಟು ರುಚಿ ಅದಾವ," ಎಂದು ಬೆರಳು ನೆಕ್ಕಿಕೊಂಡರು. ನಗು ನಿಂತಿತು. ರೇಣುಕಾ ಎರಡನೆಯ ಉಂಡೆಯನ್ನೂ ಮುಗಿಸಿದಳು.

ಮರುದಿನ ಅವ್ವನಿಗಾಗಿ ಇನ್ನಷ್ಟು ಆರಿಸಲು ಆಯಿಯ ಜೊತೆ ಹೋದರೆ ಬದುವಿನ ಮೇಲೆ ರೇಣುಕಾ ನಿಂತಿದ್ದಳು, ಕೈಯಲ್ಲೊಂದು ಚೀಲ. ಆಯಿ ಬೆರಗಾದಳು. "ನಿಮ್ಮನ್ಯಾಗ ಚೀಲಗಟ್ಲೆ ಶೇಂಗಾ ಅದಾವಲ್ಲ ಮಗಾ, ಇಲ್ಲೇನ್ ಹುಡಕ್ತಿ?"

"ಬರೋ ಶನಿವಾರ ನನ್ನ ಪಾಳಿ ಅದ ಆಯಿ. ನನಗ ಇವೇ ಬೇಕು."

ನಾನು ಸಂತೋಷಕ್ಕೆ ಕುಣಿದೇಬಿಟ್ಟೆ. ಆ ಹೊಲದಲ್ಲೀಗ ಬರೀ ತೊಗರಿ. ಹಕ್ಕಲು ಆಯುವವರಿಲ್ಲ, ಆಯಿಯೂ ಇಲ್ಲ. ಅಂದು ಆಯಿ, ಕಾಯಿ ಹೆಚ್ಚು ಸಿಗುತ್ತಿದ್ದ ತನ್ನ ಸಾಲನ್ನು ರೇಣುಕಾಳಿಗೆ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದು ಕೂತಳು.