ಸೋತವರ ಮನೆಯ ಚಹಾ

ರುದ್ರಪ್ಪ ಮಾಸ್ತರರು ಚರ್ಚಾಸ್ಪರ್ಧೆಯಲ್ಲಿ ಗೆದ್ದವನ ಬೆನ್ನು ತಟ್ಟುತ್ತಿರಲಿಲ್ಲ. ಸೋತವನ ಮನೆಗೆ ಹೋಗಿ ಚಹಾ ಕುಡಿದು ಬರುತ್ತಿದ್ದರು. ಶಹಾಬಾದಿನ ನಮ್ಮ ಹೈಸ್ಕೂಲಿನಲ್ಲಿ ಸದಾ ಗೆಲ್ಲುತ್ತಿದ್ದವನು ನಾನು. ಹಾಗಾಗಿ ಅವರು ನಮ್ಮ ಮನೆಯ ಹೊಸ್ತಿಲು ತುಳಿದವರಲ್ಲ. ಇದು ಅನ್ಯಾಯವೆಂದು ಅವರೆದುರೇ ವಾದಿಸಿದ್ದೆ. ‘ಹಂಗಾರ ಒಂದ್ಸಲ ಸೋಲಲೇ, ಬರ್ತೀನಿ’ ಎಂದು ನಕ್ಕಿದ್ದರು.

ಅವರನ್ನು ದೇವರು ಮಾಡುವ ಇರಾದೆ ನನಗಿಲ್ಲ. ಇತಿಹಾಸ ಕಲಿಸುವಾಗ ರಾಜರನ್ನು ಅದಲುಬದಲು ಮಾಡಿ ಅಪ್ಪನ ಪಟ್ಟ ಮಗನಿಗೆ, ಮಗನ ಯುದ್ಧ ಅಪ್ಪನಿಗೆ ಹಚ್ಚುತ್ತಿದ್ದರು. ಮಳಖೇಡದ ಕೋಟೆ ತೋರಿಸುತ್ತೇನೆಂದು ಹೊರಟು ಇಡೀ ತರಗತಿಯನ್ನು ತೊಗರಿ ಹೊಲದಲ್ಲಿ ಅಲೆಸಿದ್ದರು. ಚರ್ಚೆಗೆ ಮಾತ್ರ ಅವರದೊಂದು ಕಟ್ಟುನಿಟ್ಟಿನ ಕಾಯಿದೆ ಇತ್ತು. ಎದುರಾಳಿಯ ಮಾತನ್ನು ಮೊದಲು ನಾವೇ ಹೇಳಬೇಕು, ಆತ ‘ಹೌದು’ ಅನ್ನಬೇಕು. ಅಲ್ಲಿಯವರೆಗೆ ನಮ್ಮ ಬಾಯಿ ಬಂದ್. ನಾನು ಅದನ್ನು ಗೆಲ್ಲುವ ಉಪಾಯವೆಂದು ಕಲಿತೆ.

ಆ ವರ್ಷ ನನ್ನ ತಮ್ಮ ಮಲ್ಲು ಶಾಲೆ ಬಿಟ್ಟ. ಊಟ ಬಿಟ್ಟ. ಹಗಲೆಲ್ಲ ಗೋಡೆಗೆ ಮುಖ ಮಾಡಿ ಫರಸಿ ಕಲ್ಲಿನ ನೆಲದ ಮೇಲೆ ಮಲಗಿರುತ್ತಿದ್ದ. ಅವ್ವ ದರ್ಗಾದಿಂದ ತಾಯಿತ ತಂದು ಕಟ್ಟಿದಳು. ಕಲ್ಲಿನ ಖಣಿಯಲ್ಲಿ ಕೂಲಿಗಳ ಮೇಲಿನ ಮುಕಾದಮನಾಗಿದ್ದ ಅಪ್ಪ ಬೈದ. ನಾನು ಕಾರಣ ಕೇಳಿದೆ. ಅವನು ಕೊಟ್ಟ ಒಂದೊಂದು ಕಾರಣವನ್ನೂ ತರ್ಕಬದ್ಧವಾಗಿ ಖಂಡಿಸಿದೆ. ಕೊನೆಗೆ ಅವನು ಮಾತನ್ನೂ ಬಿಟ್ಟ.

ಆಗ ಬಂದರು ಮಾಸ್ತರರು. ನಾನು ಓಡಿಹೋಗಿ ಚಾಪೆ ಹಾಸಿದೆ. ಅವರು ಅದನ್ನು ನೋಡದೆ ಹೋಗಿ ಮಲ್ಲುವಿನ ಪಕ್ಕ ಬರಿಯ ನೆಲದ ಮೇಲೆ ಕುಳಿತರು.

‘ಓದಿನ ಸೊಕ್ಕು ಸರ್,’ ಅಪ್ಪ ಶುರುಮಾಡಿದ. ‘ನಾಕ್ ದಿನ ಖಣಿಗಿ ಬರ್ಲಿ, ಎಲ್ಲಾ ಇಳೀತದ.’

‘ನಿಮ್ ಮಾತು ಆಮ್ಯಾಲ, ಸಿದ್ದಣ್ಣ. ಅಂವ ಏನಂತಾನ, ಅದ್ ಮೊದ್ಲು ನೀವ್ ಹೇಳ್ರಿ. ಅಂವ ಹೌದು ಅನ್ಲಿ.’

‘ಶಾಲಿ ಬ್ಯಾಡ ಅಂತಾನ.’

ಮಲ್ಲು ತಲೆಯಾಡಿಸಿದ: ಅಲ್ಲ.

‘ಯಾರ್ದೋ ಕಣ್ಣು ಬಿದ್ದಾದ ಅಂತಾನ್ರಿ,’ ಅವ್ವ ಅಂದಳು. ಅದೂ ಅಲ್ಲ.

ನಾನು ಎದ್ದು ನಿಂತು, ಪರೀಕ್ಷೆಯ ಭೀತಿ ಮತ್ತು ಸಮಾಜದ ನಿರೀಕ್ಷೆಗಳ ಕುರಿತು ಆರಂಭಿಸಿದೆ. ‘ಕುಂದ್ರಲೇ,’ ಎಂದರು ಮಾಸ್ತರರು. ‘ಇಲ್ಲಿ ಗೆದ್ದವಂಗ ಕಪ್ ಇಟ್ಟಿಲ್ಲ.’

 ಹೊರಗೆ ಕಲ್ಲಿನ ಲಾರಿಯೊಂದು ಹಾದುಹೋಯಿತು. ಅಪ್ಪನ ದನಿ ಎಂದೂ ಅಷ್ಟು ಸಣ್ಣದಾಗಿ ಕೇಳಿರಲಿಲ್ಲ: ‘ತಮ್ಮಾ... ಬದುಕೋದೇ ಬ್ಯಾಡಾಗ್ಯಾದೇನು ನಿಂಗ?’

‘ಹೌದು,’ ಎಂದ ಮಲ್ಲು.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾಸ್ತರರು ಮಲ್ಲುವಿನ ಅಂಗಾಲಿನ ಮೇಲೆ ಕೈಯಿಟ್ಟು, ‘ಇಷ್ಟೇ ನನಗ ಬರೋದು,’ ಎಂದರು. ‘ಇದರ ಮುಂದಿಂದು ನನಗ ತಿಳಿಯಂಗಿಲ್ಲ. ಹೈದರಾಬಾದಿನಾಗ ಇದಕ್ಕೇ ಡಾಕ್ಟರ್ ಇದ್ದಾರ. ಹೋಗೋಣ.’

‘ಹುಚ್ಚರ ದವಾಖಾನಿಗೇನ್ರಿ?’ ಅವ್ವ ಬೆಚ್ಚಿದಳು. ‘ಮಂದಿ ಏನಂದಾರು? ನಾಳಿ ಇವಂಗ ಹೆಣ್ಣು ಯಾರ್ ಕೊಡ್ತಾರ?’

‘ಹುಚ್ಚ ನಾನು ಅಂತ ಹೇಳ್ರಿ ಅಕ್ಕಾ. ಮಾಸ್ತರಗ ತಲಿ ಕೆಟ್ಟಾದ, ಜೋಡಿಗಿ ನಮ್ ಹುಡುಗನ್ನ ಕಳಿಸೀವಿ ಅನ್ರಿ. ಮಂದಿ ಲಗೂನ ನಂಬ್ತಾರ.’

ನಂಬಿದರು. ಶಹಾಬಾದ್ ಇಷ್ಟು ಸಲೀಸಾಗಿ ಬೇರೇನನ್ನೂ ನಂಬಿದ್ದು ನಾನು ಕಾಣೆ. ತರಗತಿಯಲ್ಲಿ ಅವರು ಬೆನ್ನು ತಿರುಗಿಸಿದರೆ ಹಿಂದಿನ ಬೆಂಚಿನವರು ತಲೆಯ ಪಕ್ಕ ಬೆರಳು ತಿರುಗಿಸುತ್ತಿದ್ದರು. ಹೋಟೆಲಿನಲ್ಲಿ ‘ಗುಳಿಗಿ ತಗೊಂಡ್ರೇನ್ರಿ ಮಾಸ್ತರ?’ ಎಂದು ಕಿಚಾಯಿಸಿದರೆ, ‘ತಗೊಂಡೀನಿ, ನಿಂದೂ ಬಾಕಿ ಅದ’ ಎನ್ನುತ್ತಿದ್ದರು. ಇದೆಲ್ಲ ನೋಡಿ ನನಗೆ ಕನಿಕರ ಹುಟ್ಟಬೇಕಿತ್ತು. ಹುಟ್ಟಿದ್ದು ಹೊಟ್ಟೆಕಿಚ್ಚು. ನನಗಾಗಿ ಅವರು ಎಂದೂ ಹುಚ್ಚರಾಗಿರಲಿಲ್ಲ.

ಅವರು ಮೊದಲ ಸಲ ಹೈದರಾಬಾದಿಗೆ ಹೊರಟ ದಿನವೇ ಗುಲ್ಬರ್ಗದಲ್ಲಿ ನನ್ನ ಜಿಲ್ಲಾ ಮಟ್ಟದ ಸ್ಪರ್ಧೆ. ಒಂದೇ ಪ್ಲಾಟ್‌ಫಾರ್ಮಿನಲ್ಲಿ ನಿಂತೆವು. ಅವರ ಗಾಡಿ ವಾಡಿಯ ಕಡೆಗೆ, ನನ್ನದು ಅದಕ್ಕೆ ಎದುರು ದಿಕ್ಕಿಗೆ, ಗುಲ್ಬರ್ಗದ ಕಡೆಗೆ. ‘ಸರ್, ನೀವಿಲ್ಲದ ನಾ ಹ್ಯಾಂಗ?’ ಎಂದೆ. ‘ನಿನಗ ನಾ ಯಾಕ ಬೇಕಲೇ?’ ಎಂದು ಮಲ್ಲುವಿನ ಕೈಹಿಡಿದು ಹತ್ತಿಸಿದರು. ಆ ದಿನ ನಾನು ಗೆದ್ದೆ. ಯಾರಿಗೆ ತೋರಿಸಲಿ?

ತಿಂಗಳಿಗೊಮ್ಮೆ ಹೀಗೆ ಹೋಗಿಬರುತ್ತ, ಮಲ್ಲು ಮೊದಲು ಉಣ್ಣತೊಡಗಿದ, ಆಮೇಲೆ ನಗತೊಡಗಿದ. ನಗುವುದಾದರೂ ಎಂಥದಕ್ಕೆ? ಗಾಡಿಯಲ್ಲಿ ಅವರಿಬ್ಬರಿಗೇ ಆದ ಯಾವುದೋ ಮಾತಿಗೆ. ‘ಏನಂದ್ರಲೇ?’ ಎಂದು ಕೇಳಿದರೆ, ‘ಹೇಳಿದ್ರ ನಗು ಬರಂಗಿಲ್ಲಣ್ಣ’ ಎನ್ನುತ್ತಿದ್ದ. ತಮ್ಮ ಬದುಕಿದನೆಂಬ ಸಂತೋಷ ನನಗಿತ್ತು, ಸುಳ್ಳು ಹೇಳಲಾರೆ. ಆದರೆ ನನ್ನ ಗುರುವನ್ನು ಅವನು ಒಂದು ವಾದವನ್ನೂ ಹೂಡದೆ ಗೆದ್ದುಕೊಂಡಿದ್ದ.

ಮಾಸ್ತರರಿಗೆ ಚಿಂಚೋಳಿಗೆ ವರ್ಗವಾಯಿತು. ನಾನು ವಕೀಲಿ ಓದುತ್ತಿದ್ದಾಗ ಅವರಿಗೆ ಲಕ್ವಾ ಹೊಡೆದ ಸುದ್ದಿ ಬಂತು. ಮಲ್ಲು ತನ್ನ ರೇಡಿಯೋ ರಿಪೇರಿಯ ಅಂಗಡಿ ಬಿಟ್ಟು ಬರಲಾಗದ ದಿನ ನೋಡಿ, ಬೇಕೆಂತಲೇ, ಒಬ್ಬನೇ ಹೋದೆ. ಅವರು ಮಂಚದ ಮೇಲಿದ್ದರು. ಬಹಳ ಹೊತ್ತು ನನ್ನ ಮುಖ ನೋಡಿ, ತೊದಲಿದರು: ‘ಮಲ್ಲುನ... ಅಣ್ಣ ಹೌದಲ್ಲ? ಅಂವ... ಆರಾಮ್ ಅದಾನ?’

‘ಆರಾಮ್ ಅದಾನ್ರಿ ಸರ್.’

ಕಣ್ಣು ಮುಚ್ಚಿದರು. ನಾನು ಕಾದೆ. ಇನ್ನೇನೂ ಕೇಳಲಿಲ್ಲ. ಆ ತಿಂಗಳೇ ತೀರಿಕೊಂಡರು.

ಅವರನ್ನು ನೋಡಿದ ಆ ದಿನ, ಚಿಂಚೋಳಿಯಿಂದ ಬಂದವನೇ ನೇರ ಮಲ್ಲುವಿನ ಅಂಗಡಿಗೆ ಹೋಗಿದ್ದೆ. ‘ಸರ್ ಏನ್ ಕೇಳಿದ್ರಣ್ಣ?’ ಎಂದ.

‘ನಿನ್ನ ಕೇಳಿದ್ರು.’

‘ಮತ್ತ ನಿನ್ನ?’

‘ನನ್ನ ಕೇಳಲಿಲ್ಲ.’

ಮಲ್ಲು ಕೈಯಲ್ಲಿದ್ದ ರೇಡಿಯೋ ಕೆಳಗಿಟ್ಟ. ಅವರಿಗೆ ವಯಸ್ಸಾಗಿತ್ತು, ಮರೆತಿರಬೇಕು ಎಂದು ಸಮಾಧಾನ ಹೇಳಲಿಲ್ಲ. ಕಟ್ಟೆಯ ಮೇಲೆ, ನನ್ನ ಪಕ್ಕ ಬಂದು ಸುಮ್ಮನೆ ಕುಳಿತ. ಹೀಗೆ ಕೂರುವುದನ್ನು ಅವನಿಗೆ ಕಲಿಸಿದವರು ಯಾರೆಂದು ಕೇಳಬೇಕಿರಲಿಲ್ಲ. ಆಗಲೂ ನನ್ನ ಹೊಟ್ಟೆ ಉರಿಯಿತು. ಆದರೂ ಎದ್ದು ಹೋಗಲಿಲ್ಲ.